ಶುಕ್ರವಾರದ ಸುಳ್ಳುಗಳು

ಅಡುಗೆಮನೆಯ ಮೇಜು,
ಹದಿನೇಳನೇ ತಾರೀಕು, ಶನಿವಾರ, ಮಧ್ಯಾಹ್ನ

ನನ್ನ ಪ್ರೀತಿಯ ಯಜಮಾನ್ತಿಗೆ,

ಹೇಗಿದ್ದೀಯೆ? ಪ್ಲಾಸ್ಟರ್ ಪುಡಿಯ ಕೆಮ್ಮು ಕಡಿಮೆಯಾಯಿತೇ, ಇಲ್ಲ ಇನ್ನೂ ಬಾಯಿಗೆ ಬಟ್ಟೆ ಕಟ್ಟಿಕೊಳ್ಳದೆಯೇ ಅಚ್ಚು ಉಜ್ಜುತ್ತಿದ್ದೀಯೋ? ಮಂಡಿ ಹೇಗಿದೆ? ಊರವರಿಗೆಲ್ಲ ಕೃತಕ ಕಾಲು ಮಾಡಿ ತೊಡಿಸುವವಳು ದಿನವಿಡೀ ನೆಲದ ಮೇಲೆ ಮಂಡಿಯೂರಿ ಸ್ವಂತ ಕಾಲು ಕೆಡಿಸಿಕೊಂಡರೆ ನಗುವವರ ಮುಂದೆ ಎಡವಿ ಬಿದ್ದಂತಾಗುತ್ತದೆ, ಜೋಪಾನ. ಇಲ್ಲಿ ನಾವಿಬ್ಬರೂ ಇದ್ದೇವೆ. ‘ಆರಾಮಾಗಿದ್ದೇವೆ’ ಎಂದು ಬರೆಯಲು ಹೋಗಿ ಕೈ ತಡೆಯಿತು, ಯಾಕೆಂದು ಮುಂದೆ ಹೇಳುತ್ತೇನೆ. ನೀನು ಕಳಿಸಿದ ಪಾರ್ಸೆಲ್ ಬುಧವಾರ ಬಂತು. ಎರಡು ಈಜುಟೋಪಿ, ಕೆಂಪು ನಮ್ಮ ಚಿನಕುರಳಿಗೆ, ನೀಲಿ ಅವಳ ಈಜುಕೊಳದ ಹೊಸ ಗೆಳತಿಗೆ. ಜೊತೆಯಲ್ಲಿದ್ದ ಚೀಟಿಯನ್ನೂ ಓದಿದೆ. ಮಗಳಿಗೆ ಕೊನೆಗೂ ಒಬ್ಬಳು ಗೆಳತಿ ಸಿಕ್ಕಳಲ್ಲ ಎಂದು ನೀನು ಬರೆದ ಸಾಲಿನ ಕೆಳಗೆ ನೀನೇ ಎರಡು ಗೆರೆ ಎಳೆದಿದ್ದೆ.

ಪ್ರತಿ ಭಾನುವಾರ ಆರು ಗಂಟೆಗೆ ಫೋನಿನಲ್ಲಿ ಮಾತಾಡುವ ಗಂಡ ಇದ್ದಕ್ಕಿದ್ದಂತೆ ಕಾಗದ ಯಾಕೆ ಬರೆದ ಎಂದು ನೀನು ಗಾಬರಿಯಾಗಬೇಡ. ಯಾರಿಗೂ ಏನೂ ಆಗಿಲ್ಲ. ಆದರೆ ಈ ವಿಷಯವನ್ನು ಫೋನಿನಲ್ಲಿ ಹೇಳಲು ಹೊರಟರೆ ಮೂರನೇ ಮಾತಿಗೆ ನಾನು ತಮಾಷೆಗೆ ಜಾರಿಬಿಡುತ್ತೇನೆ, ನನ್ನ ನಾಲಿಗೆ ನಿನಗೆ ಗೊತ್ತಲ್ಲ. ಇನ್ನೊಂದು ವರ್ಷ ಅಲ್ಲೇ ಇದ್ದು ವರ್ಕ್‌ಶಾಪನ್ನು ಅದರ ಕಾಲ ಮೇಲೆ ನಿಲ್ಲಿಸಿಕೊಡುವುದಾಗಿ ಮೂವತ್ತನೇ ತಾರೀಕು ನೀನು ಆಸ್ಪತ್ರೆಯವರಿಗೆ ಸಹಿ ಹಾಕಿಕೊಡಬೇಕು. ಹಾಕಲೋ ಬೇಡವೋ ಎಂದು ಕಳೆದ ಭಾನುವಾರ ಕೇಳಿದೆ. ನಾವಿಬ್ಬರೂ ಒಟ್ಟಿಗೆ, ಒಂದೇ ದನಿಯಲ್ಲಿ, ಧಾರಾಳವಾಗಿ ಹಾಕು ಎಂದೆವು. ಆ ಒಂದೇ ದನಿ ಹೇಗೆ ಬಂತು ಎಂಬುದನ್ನು ತಿಳಿಯದೆ ನೀನು ಪೆನ್ನು ಎತ್ತಿಕೊಳ್ಳಬಾರದು. ಅದಕ್ಕೇ ಈ ಕಾಗದ.

ಅದಕ್ಕೆ ಮೊದಲು ನನ್ನ ತರಗತಿಯ ವಿಷಯ ಹೇಳಬೇಕು. ಶುಕ್ರವಾರದ ಕೊನೆಯ ಪೀರಿಯಡ್ಡಿನ ಬಗ್ಗೆ ಫೋನಿನಲ್ಲಿ ತುಂಡುತುಂಡಾಗಿ ಹೇಳಿದ್ದೇನೆ, ಪೂರ್ತಿ ಹೇಳಿಲ್ಲ. ಈ ವರ್ಷದ ಮೊದಲ ಇಂಗ್ಲಿಷ್ ಪರೀಕ್ಷೆಯಲ್ಲಿ ಎಂಟನೇ ತರಗತಿಗೆ ರಜಾ ಅರ್ಜಿ ಬರೆಯಲು ಕೊಟ್ಟಿದ್ದೆ. ನಲವತ್ತೊಂದು ಮಕ್ಕಳಿಗೂ ಜ್ವರ. ನಲವತ್ತೊಂದು ಜ್ವರವೂ ಸೋಮವಾರ ಬಂದು ಬುಧವಾರ ಬಿಟ್ಟಿತ್ತು, ಯಾಕೆಂದರೆ ಗೈಡಿನಲ್ಲಿ ಹಾಗೇ ಇತ್ತು. ತಿದ್ದುತ್ತಾ ತಿದ್ದುತ್ತಾ ಮೂವತ್ತನೇ ಪೇಪರಿನ ಹೊತ್ತಿಗೆ ನನ್ನ ಹಣೆಯನ್ನು ನಾನೇ ಮುಟ್ಟಿ ನೋಡಿಕೊಂಡೆ. ಮರುದಿನ ತರಗತಿಗೆ ಹೋಗಿ, ಇನ್ನು ಮುಂದೆ ಈ ಕೋಣೆಯಲ್ಲಿ ಯಾರಿಗೂ ಜ್ವರ ಬರಕೂಡದು ಎಂದು ಬೋರ್ಡಿನ ಮೇಲೆ ಬರೆದೆ. ತಲೆನೋವು, ಹೊಟ್ಟೆನೋವು, ನೆಂಟರ ಮದುವೆ, ಪುಸ್ತಕ ತಿಂದ ನಾಯಿ, ಎಲ್ಲಕ್ಕೂ ಬಹಿಷ್ಕಾರ. ಪ್ರತಿ ಶುಕ್ರವಾರ ಎಲ್ಲರೂ ಹೋಂವರ್ಕ್ ಯಾಕೆ ಮಾಡಿಲ್ಲವೆಂದು ಇಂಗ್ಲಿಷಿನಲ್ಲಿ ಒಂದು ಪುಟ ಸುಳ್ಳು ಬರೆಯಬೇಕು. ಮಾಡಿದವರೂ ಬರೆಯಬೇಕು. ಸುಳ್ಳು ಹೇಗಿರಬೇಕೆಂದರೆ ಸತ್ಯದ ತಲೆಯ ಮೇಲೆ ಹೊಡೆದಂತಿರಬೇಕು.

ಅದಕ್ಕೆ ನಾನು ಕಲಿಸಿದ ಉಪಾಯ ಒಂದೇ, ಮೂರು ಸಣ್ಣ ವಿವರ. ದೊಡ್ಡ ಮಾತಿಗೆ ಜನ ಸಾಕ್ಷಿ ಕೇಳುತ್ತಾರೆ, ಸಣ್ಣ ವಿವರಕ್ಕೆ ಯಾರೂ ಕೇಳುವುದಿಲ್ಲ. ಬಸ್ಸು ಕೆಟ್ಟಿತು ಎಂದರೆ ಯಾರೂ ನಂಬರು. ಕಂಡಕ್ಟರು ಇಳಿದು ಹಿಂದಿನ ಚಕ್ರಕ್ಕೆ ಎರಡು ಸಲ ಒದ್ದು, ಕಾಲು ನೋಯಿಸಿಕೊಂಡು, ಮೆಟ್ಟಿಲ ಮೇಲೆ ಕೂತು ಚಪ್ಪಲಿ ಬಿಚ್ಚಿದ ಎಂದರೆ ಕೇಳುವವರೂ ಬಸ್ಸಿನೊಳಗೇ ಇರುತ್ತಾರೆ. ಕಾಗದದ ಮೇಲೆ ಹೆಸರು ಬರೆಯುವಂತಿಲ್ಲ. ಎಲ್ಲ ಮಡಚಿ ಖಾಲಿ ಬಿಸ್ಕತ್ತಿನ ಡಬ್ಬಿಗೆ ಹಾಕುತ್ತಾರೆ, ಡಬ್ಬಿಯಿಂದ ಒಂದೊಂದನ್ನೇ ತೆಗೆದು ಬೇರೆಯವರು ಓದುತ್ತಾರೆ. ನಾನು ಹಿಂದಿನ ಬೆಂಚಿನಲ್ಲಿ ಕಣ್ಣು ಮುಚ್ಚಿಕೊಂಡು ಕೂರುತ್ತೇನೆ. ಅಕ್ಷರ ಕಂಡರೆ ಇದು ಯಾರದೆಂದು ನನಗೆ ತಿಳಿದುಹೋಗುತ್ತದೆ, ಕೆಂಪು ಪೆನ್ನಿಗಾಗಿ ಕೈ ಜೇಬಿಗೆ ಹೋಗುತ್ತದೆ, ಅದಕ್ಕೇ ಬರೀ ಕಿವಿ. ಆ ದಿನ ಗೆದ್ದ ಸುಳ್ಳಿಗೆ ಒಂದು ಹೊಸ ಚಾಕ್‌ಪೀಸು ಬಹುಮಾನ, ಬರೆದವರು ಬಂದು ತೆಗೆದುಕೊಳ್ಳಬಹುದು, ಬೇಡವಾದರೆ ಸುಮ್ಮನೆ ಕೂರಬಹುದು.

ಏನು ಹೇಳಲಿ, ಮಕ್ಕಳು ಬರೆದರು ನೋಡು. ವರ್ಷವಿಡೀ ಇಂಗ್ಲಿಷಿನಲ್ಲಿ ‘ಯೆಸ್ ಸರ್’ ಬಿಟ್ಟು ಬೇರೆ ಮಾತಾಡದವರು ಪುಟ ಸಾಲದೆ ಹಿಂಬದಿಗೆ ತಿರುಗಿಸಿದರು. ಒಬ್ಬಳ ಹೋಂವರ್ಕ್ ಪುಸ್ತಕ ತಾತನ ಮಂಚದ ಕುಂಟು ಕಾಲಿನ ಕೆಳಗಿತ್ತು, ತಾತ ಏಳದೆ ಪುಸ್ತಕ ಬರುವಂತಿಲ್ಲ, ತಾತನಿಗೆ ಎಚ್ಚರವಾದರೂ ಟಿವಿಯ ಕ್ರಿಕೆಟ್ ಪಂದ್ಯ ಮುಗಿಯುವವರೆಗೆ ಏಳುವುದಿಲ್ಲ. ಇನ್ನೊಬ್ಬನ ಪೆನ್ನನ್ನು ಪೊಲೀಸರು ಇಸಿದುಕೊಂಡು ಅವನ ಅಪ್ಪನಿಗೇ ದಂಡದ ಚೀಟಿ ಬರೆಯುತ್ತಿದ್ದರಂತೆ, ಅಪ್ಪನ ಹಿತದೃಷ್ಟಿಯಿಂದ ಪೆನ್ನನ್ನು ವಾಪಸು ಕೇಳಲಾಗಲಿಲ್ಲವಂತೆ. ಇನ್ನೊಂದರಲ್ಲಿ ಕ್ಷೌರದಂಗಡಿಯವನು ಸರದಿಯಲ್ಲಿ ಕೂತ ಹುಡುಗನ ನೋಟ್‌ಬುಕ್ ತೆಗೆದು ಓದಿ, ಇದರಲ್ಲಿ ಇಷ್ಟೊಂದು ತಪ್ಪಿದೆ, ತಿದ್ದಿ ನಾಳೆ ಕೊಡುತ್ತೇನೆ ಎಂದು ಇಟ್ಟುಕೊಂಡಿದ್ದ. ನಮ್ಮ ಹೆಡ್‌ಮೇಡಂ ಒಂದು ದಿನ ಕರೆಸಿ, ನೀವು ಇಂಗ್ಲಿಷ್ ಕಲಿಸುತ್ತೀರೋ ಸುಳ್ಳು ಕಲಿಸುತ್ತೀರೋ ಎಂದು ಪೋಷಕರು ಕೇಳುತ್ತಿದ್ದಾರೆ ಅಂದರು. ಎರಡನ್ನೂ ಬೇರೆ ಬೇರೆ ಮಾಡುವುದು ಕಷ್ಟ ಮೇಡಂ ಅಂದೆ. ಮುಖ ಗಂಟಿಕ್ಕಿಕೊಂಡೇ ಮುಂದಿನ ಶುಕ್ರವಾರ ಬಂದು ನನ್ನ ಪಕ್ಕ ಕೂತರು. ಅದರ ಮುಂದಿನ ಶುಕ್ರವಾರ ಡಬ್ಬಿಯಲ್ಲಿ ನಲವತ್ತೆರಡು ಕಾಗದ ಇದ್ದವು. ಒಂದರಲ್ಲಿ ಕಚೇರಿಗೆ ಕಳಿಸಬೇಕಾದ ವರದಿ ತಡವಾದ ಕಾರಣವಿತ್ತು, ಬಹಳ ಸೊಗಸಾಗಿತ್ತು, ಯಾರದೆಂದು ನಾನು ಕೇಳಲಿಲ್ಲ.

ಆ ನಲವತ್ತೊಂದು ಮಕ್ಕಳಲ್ಲಿ ನಮ್ಮ ಚಿನಕುರಳಿಯೂ ಒಬ್ಬಳು ಎಂಬುದು ನಿನಗೆ ನೆನಪಿದ್ದೇ ಇರುತ್ತದೆ. ನೀನು ಹೋಗುವಾಗ ಹಾಕಿಕೊಟ್ಟ ಗಡಿ ಈಗಲೂ ಜಾರಿಯಲ್ಲಿದೆ. ಶಾಲೆಯಿಂದ ಇಸ್ತ್ರಿ ಅಂಗಡಿಯವರೆಗೆ ನಾನು ಸರ್, ಅಲ್ಲಿಂದ ಮನೆಯ ಕಡೆ ಅಪ್ಪ. ಸರ್‌ಗೆ ನೀವು, ಅಪ್ಪನಿಗೆ ನೀನು. ಅವಳು ಒಂದು ದಿನವೂ ತಪ್ಪಿಲ್ಲ. ಶುಕ್ರವಾರ ಅವಳ ಕಾಗದ ಯಾವುದೆಂದು ನನಗೆ ಗೊತ್ತಾಗುತ್ತಿತ್ತು, ಅಥವಾ ಗೊತ್ತಾಗುತ್ತದೆ ಎಂದುಕೊಂಡಿದ್ದೆ. ಬಸ್ಸು, ಮಳೆ, ಕಳೆದುಹೋದ ಕೀಲಿಕೈ, ಸಪ್ಪೆ ಸಪ್ಪೆ. ಮೇಷ್ಟ್ರ ಮಗಳಿಗೆ ಸುಳ್ಳು ಕಟ್ಟಲು ಬರುವುದೇ ಇಲ್ಲ ಮಾರಾಯ್ತಿ ಎಂದು ನಿನ್ನ ಹತ್ತಿರ ಜಂಬ ಕೊಚ್ಚಿಕೊಂಡಿದ್ದೆನಲ್ಲ, ನೀನೂ ನಕ್ಕಿದ್ದೆ.

ನಿನ್ನೆ ಡಬ್ಬಿಯಿಂದ ಆರನೇ ಕಾಗದ ತೆಗೆದವಳು ಎರಡನೇ ಬೆಂಚಿನ ಎತ್ತರದ ಹುಡುಗಿ. ವಾರ್ತೆ ಓದುವವರ ಹಾಗೆ ಗಂಟಲು ಸರಿಮಾಡಿಕೊಂಡು ಓದುತ್ತಾಳೆಂದು ಎಲ್ಲರೂ ಅವಳನ್ನು ರೇಡಿಯೋ ಅನ್ನುತ್ತಾರೆ. ಅವಳು ಓದಿದ್ದನ್ನು ನಿನಗೆ ಕನ್ನಡದಲ್ಲೇ ಹೇಳುತ್ತೇನೆ. ಇಂಗ್ಲಿಷಿನಲ್ಲಿ ಬರೆಯಲು ಕೂತರೆ ಅಲ್ಲಲ್ಲಿ ತಿದ್ದಿಬಿಡುತ್ತೇನೆ, ಅದರಲ್ಲಿ ತಿದ್ದುವಂಥದ್ದು ಏನೂ ಇರಲಿಲ್ಲ. ಅದು ಹೀಗಿತ್ತು. ಮಾನ್ಯರೇ, ನಾನು ಹೋಂವರ್ಕ್ ಮಾಡಿಲ್ಲ, ಏಕೆಂದರೆ ನಮ್ಮ ಮನೆಯಲ್ಲಿ ವಾರಕ್ಕೊಂದು ದಿನ ಕಾರ್ಖಾನೆ ನಡೆಯುತ್ತದೆ. ಅದರಲ್ಲಿ ಇಬ್ಬರೇ ಕೆಲಸಗಾರರು, ಮ್ಯಾನೇಜರು ಮತ್ತು ನಾನು. ನಾವು ಕಳೆದ ವಾರವನ್ನು ತಯಾರಿಸುತ್ತೇವೆ. ನಿಜವಾದ ವಾರ ಚೆನ್ನಾಗಿರುವುದಿಲ್ಲವಾದ್ದರಿಂದ ಅದನ್ನು ಎಸೆದು ಹೊಸದು ಮಾಡಬೇಕಾಗುತ್ತದೆ. ತಮಾಷೆ ವಿಭಾಗ ಮ್ಯಾನೇಜರದು, ಊಟ ಮತ್ತು ಸ್ನೇಹಿತರ ವಿಭಾಗ ನನ್ನದು. ಮಾಲು ಸಂಜೆಯೊಳಗೆ ಸಿದ್ಧವಾಗಬೇಕು, ಏಕೆಂದರೆ ನಮಗೆ ಒಬ್ಬರೇ ಗಿರಾಕಿ, ಅವರು ಬಹಳ ದೂರದಿಂದ ಬರುತ್ತಾರೆ. ಒಂದು ಸಲ ಮಾಲು ಸಾಲದೆ ನಾನು ಒಬ್ಬ ಗೆಳತಿಯನ್ನು ತಯಾರಿಸಿದೆ. ಗಿರಾಕಿಗೆ ಅವಳು ತುಂಬಾ ಇಷ್ಟವಾದಳು. ಈಗ ಪ್ರತಿ ವಾರ ಅವಳನ್ನೇ ಕೇಳುತ್ತಾರೆ. ಅವಳ ಅಪ್ಪನಿಗೆ ಬೇರೆ ಕಡೆ ಕೆಲಸ ಸಿಗುವಂತೆ ಮಾಡಿ ಅವಳನ್ನು ಕಳಿಸಿಬಿಡೋಣವೆಂದು ಯೋಚಿಸಿದೆ, ಆದರೆ ಗಿರಾಕಿಗೆ ಬೇಸರವಾಗುತ್ತದೆ.

ಇಷ್ಟು ಓದುವಷ್ಟರಲ್ಲಿ ತರಗತಿ ಬಿದ್ದು ಬಿದ್ದು ನಗುತ್ತಿತ್ತು. ನಾನೂ ನಕ್ಕೆ. ಬೆಂಚು ತಟ್ಟಿ ನಕ್ಕೆ ಕಣೆ. ಕಣ್ಣು ತೆರೆಯದೆಯೇ ತೀರ್ಪು ಕೊಟ್ಟೆ. ಇದು ಈ ವರ್ಷದ ಸುಳ್ಳು, ಇಂಥ ಮನೆ ಭೂಮಿಯ ಮೇಲೆ ಎಲ್ಲಿಯೂ ಇರಲಾರದು, ಆದರೂ ನಾವೆಲ್ಲ ಅದರ ಬಾಗಿಲಲ್ಲಿ ನಿಂತು ನೋಡಿ ಬಂದ ಹಾಗಿದೆ, ಇದನ್ನು ಬರೆದವರಿಗೆ ಒಂದಲ್ಲ, ಡಬ್ಬಿ ತುಂಬ ಚಾಕ್‌ಪೀಸು ಎಂದೆ. ರೇಡಿಯೋ ಕೈ ಎತ್ತಿ, “ಸರ್, ಇನ್ನೂ ಎರಡು ಸಾಲು ಇದೆ” ಅಂದಳು. ಓದು ಅಂದೆ. ಗಿರಾಕಿ ಆ ಗೆಳತಿಗೆಂದು ಒಂದು ನೀಲಿ ಈಜುಟೋಪಿ ಕಳಿಸಿದ್ದಾರೆ. ಅದನ್ನು ಎಲ್ಲಿಡಬೇಕೆಂದು ನನಗೆ ತಿಳಿಯುತ್ತಿಲ್ಲ.

ಕುಂಬಳಕಾಯಿ ಕಳ್ಳ ಎಂದರೆ ಕದ್ದವನು ಹೆಗಲು ಮುಟ್ಟಿ ನೋಡಿಕೊಳ್ಳುತ್ತಾನಂತೆ. ನಾನು ಅಷ್ಟೂ ಹೊತ್ತು ಹೆಗಲ ಮೇಲೆ ಹೊತ್ತುಕೊಂಡೇ ಚಪ್ಪಾಳೆ ತಟ್ಟುತ್ತಿದ್ದೆ. ಬೇರೊಬ್ಬಳ ದನಿ, ಬೇರೆ ಭಾಷೆ, ಮುಚ್ಚಿದ ಕಣ್ಣು, ಅಷ್ಟರಲ್ಲಿ ನನ್ನ ಅಡುಗೆಮನೆ ನನಗೇ ಗುರುತು ಸಿಗಲಿಲ್ಲ. ಕಣ್ಣು ತೆರೆದೆ. ಮಕ್ಕಳು ಸುತ್ತ ತಿರುಗಿ ಯಾರು ಏಳುತ್ತಾರೆಂದು ನೋಡುತ್ತಿದ್ದರು. ನಮ್ಮವಳು ನಾಲ್ಕನೇ ಬೆಂಚಿನಲ್ಲಿ ತಲೆ ತಗ್ಗಿಸಿ ಪೆನ್ಸಿಲ್ಲು ಹೆರೆಯುತ್ತಿದ್ದಳು, ಅದು ಆಗಲೇ ಚೂಪಾಗಿತ್ತು, ಆದರೂ ಹೆರೆಯುತ್ತಿದ್ದಳು. ಯಾರೂ ಏಳಲಿಲ್ಲ. ಇವತ್ತಿಗೆ ಇಷ್ಟು ಸಾಕು ಎಂದು ನಾನು ಹೇಳಿದೆನಂತೆ, ನನಗೆ ನೆನಪಿಲ್ಲ.

ಈಗ ನಿನಗೆ ಅರ್ಥವಾಗಿರಬೇಕು. ಆ ಕಾರ್ಖಾನೆ ನಮ್ಮ ಮನೆ, ಗಿರಾಕಿ ನೀನು. ಅದು ಶುರುವಾದದ್ದು ನೀನು ಹೋದ ಎರಡನೇ ಭಾನುವಾರ. ಮೊದಲ ಭಾನುವಾರ ಫೋನಿನಲ್ಲಿ ನೀನು ಅತ್ತು, ಇವಳು ಅತ್ತು, ನಾನು ನೆಗಡಿ ಎಂದು ಹೇಳಿ ಮೂಗೊರೆಸಿಕೊಂಡಿದ್ದೆನಲ್ಲ, ಮತ್ತೆ ಹಾಗಾಗಬಾರದೆಂದು ಮುಂದಿನ ವಾರ ಮಧ್ಯಾಹ್ನ ಇದೇ ಮೇಜಿನ ಮುಂದೆ ಇಬ್ಬರೂ ಕೂತು ಅಮ್ಮನಿಗೆ ಏನೇನು ಹೇಳೋಣ ಎಂದು ಮೂರು ನಗುವಿನ ಸಂಗತಿ ಆರಿಸಿಟ್ಟುಕೊಂಡೆವು. ನೀನು ನಕ್ಕೆ. ಎಷ್ಟು ದಿನದ ಮೇಲೆ ನಕ್ಕೆ ಎಂದು ನಮಗೂ ಹುರುಪು ಬಂತು. ಆಮೇಲಿನ ವಾರ ನಗುವಂಥದ್ದು ಎರಡೇ ಇದ್ದವು, ಮೂರನೆಯದನ್ನು ನಾನು ಕಟ್ಟಿದೆ. ಆಮೇಲೆ ಎರಡನ್ನು ಕಟ್ಟಿದೆ. ಕಟ್ಟುವುದು ನನ್ನ ಕಸುಬು, ಅದರಲ್ಲಿ ನಾನು ಪಳಗಿದವನು. ಯಾವ ಮಾತು ಆದಮೇಲೆ ಯಾರು ನಗಬೇಕು ಎಂಬುದನ್ನೂ ಅವಳಿಗೆ ಹೇಳಿಕೊಡುತ್ತಿದ್ದೆ. ಇದನ್ನು ಬರೆಯುವಾಗ ನನಗೆ ನಾಚಿಕೆಯಾಗುತ್ತಿದೆ. ಆದರೆ ಒಂದು ಮಾತು ನಂಬು. ಆ ಗೆಳತಿ ಸುಳ್ಳು ಎಂದು ನನಗೂ ಗೊತ್ತಿರಲಿಲ್ಲ. ಕನ್ನಡಕ ಹಾಕುತ್ತಾಳೆ, ಬೆನ್ನ ಮೇಲೆ ಈಜುತ್ತಾಳೆ, ನಕ್ಕರೆ ಬಿಕ್ಕಳಿಕೆ ಬರುತ್ತದೆ. ಮೂರು ಸಣ್ಣ ವಿವರ. ನನ್ನದೇ ಪಾಠವನ್ನು ನನಗೇ ಒಪ್ಪಿಸಿದ್ದಳು, ನಾನು ಸಾಕ್ಷಿ ಕೇಳಲಿಲ್ಲ.

ಶಾಲೆ ಬಿಟ್ಟ ಮೇಲೆ ಎಂದಿನ ಹಾಗೆ ಒಟ್ಟಿಗೆ ನಡೆದೆವು. ಟೈರ್ ಅಂಗಡಿ ದಾಟಿತು, ಔಷಧಿ ಅಂಗಡಿ ದಾಟಿತು. ಇಸ್ತ್ರಿ ಅಂಗಡಿಯ ಮುಂದೆ ನಾನು ನಿಂತೆ. ಅವಳು ಅದನ್ನೂ ದಾಟಿ ನಾಲ್ಕು ಹೆಜ್ಜೆ ಮುಂದೆ ಹೋಗಿ, ತಿರುಗದೆಯೇ, “ಅದು ಸುಳ್ಳಲ್ಲ ಅಂತ ನಿಮಗೆ ಯಾವಾಗ ಗೊತ್ತಾಯ್ತು, ಸರ್?” ಎಂದು ಕೇಳಿದಳು. ಗಡಿ ದಾಟಿದ ಮೇಲೂ ಸರ್ ಎಂದಳು. ಟೋಪಿ ಅಂದಾಗ, ಎಂದೆ. “ಅಷ್ಟು ಹೊತ್ತು ಬೇಕಾಯ್ತಾ?” ಅಂದಳು. ಸಿಟ್ಟಿನಿಂದಲ್ಲ, ನಿಜವಾಗಿ ತಿಳಿದುಕೊಳ್ಳಲು ಕೇಳಿದಂತಿತ್ತು. ಇಸ್ತ್ರಿಯವರು ನಮ್ಮ ಬಟ್ಟೆಯ ಗಂಟು ತಂದು ಕೈಗೆ ಕೊಟ್ಟು, ಏನು ಮೇಷ್ಟ್ರೇ, ಇವತ್ತು ತಂದೆ ಮಗಳು ಮೌನವ್ರತವೋ ಅಂದರು. ನಾನು ನಗಬೇಕಾಗಿತ್ತು, ನಗು ಬರಲಿಲ್ಲ.

ಮನೆಗೆ ಬಂದು ಬ್ರೆಡ್ಡು ಕಾಯಿಸಿಕೊಂಡು ಇಲ್ಲೇ ಕೂತೆವು. ಅವಳೇ ಒಂದೊಂದಾಗಿ ಹೇಳಿದಳು. ಈ ವರ್ಷ ಅವಳು ಮಧ್ಯಾಹ್ನದ ಊಟ ಮಾಡುವುದು ಲೈಬ್ರರಿಯ ಹಿಂದಿನ ಮೆಟ್ಟಿಲ ಮೇಲೆ, ಒಬ್ಬಳೇ. ಹುಡುಗಿಯರು ಗುಂಪು ಕೂಡಿ ಮಾತಾಡುವಾಗ ಇವಳು ಹತ್ತಿರ ಹೋದರೆ ಮಾತು ನಿಲ್ಲುತ್ತದೆ, ಮೇಷ್ಟ್ರ ಮಗಳು, ಹೋಗಿ ಹೇಳಿಬಿಡುತ್ತಾಳೆ ಎಂದು. ನಾನು ಅವರೆಲ್ಲರ ಮೆಚ್ಚಿನ ಮೇಷ್ಟ್ರು ಎಂದು ಬೀಗುತ್ತಿದ್ದೆನಲ್ಲ, ಊರಿಗೆ ಉಪಕಾರಿ ಮನೆಗೆ ಮಾರಿ ಎಂಬ ಗಾದೆ ನನ್ನಂಥವನನ್ನು ನೋಡಿಯೇ ಮಾಡಿದ್ದಿರಬೇಕು. ಈಜಿಗೆ ಹೋಗುವುದನ್ನು ಬಿಟ್ಟು ನಾಲ್ಕು ತಿಂಗಳಾಯಿತಂತೆ. ಹಾಗಾದರೆ ಪ್ರತಿ ಗುರುವಾರ ಒದ್ದೆ ಟವೆಲ್ ಹೇಗೆ ಬರುತ್ತಿತ್ತು ಅಂದೆ. ಕೊಳದ ಹೊರಗಿನ ನಲ್ಲಿಯಲ್ಲಿ ನೆನೆಸಿಕೊಂಡು ಬರುತ್ತಿದ್ದಳು. ಅಲ್ಲೇ ಬೆಂಚಿನ ಮೇಲೆ ಒಂದು ಗಂಟೆ ಕೂತು, ಕೂದಲಿಗೂ ನೀರು ಹಾಕಿಕೊಂಡು ಬರುತ್ತಿದ್ದಳು. ಆ ಟವೆಲನ್ನು ವಾರ ವಾರ ಹಗ್ಗಕ್ಕೆ ಹರವಿದವನು ನಾನು. ಕೊಳದ ಔಷಧಿಯ ವಾಸನೆ ಇಲ್ಲವಲ್ಲ ಎಂದು ಒಂದು ದಿನವಾದರೂ ಮೂಗಿಗೆ ಹತ್ತಬಾರದಿತ್ತೇ? ಯಾಕೆ ಬಿಟ್ಟೆ ಎಂದದ್ದಕ್ಕೆ, “ಅಲ್ಲಿ ಎಲ್ಲರ ಅಮ್ಮಂದಿರೂ ಟವೆಲ್ ಹಿಡ್ಕೊಂಡು ನಿಂತಿರ್ತಾರೆ ಅಪ್ಪ” ಅಂದಳು. ಆಗ ಅಪ್ಪ ಎಂದಳು. ನಾನು ಎದ್ದು ಹೋಗಿ ಸಿಂಕಿನಲ್ಲಿ ತೊಳೆದ ತಟ್ಟೆಯನ್ನೇ ಮತ್ತೆ ತೊಳೆದೆ.

ನೀನು ಯಾವಾಗಲೂ ಒಂದು ಮಾತು ಹೇಳುತ್ತೀಯೆ, ಹೊಸ ಕಾಲು ತೊಟ್ಟು ಬಂದವರಲ್ಲಿ ಯಾರು ಚುಚ್ಚುತ್ತೆ, ಉಜ್ಜುತ್ತೆ ಎಂದು ಗೋಳಾಡುತ್ತಾರೋ ಅವರ ಬಗ್ಗೆ ಚಿಂತೆಯಿಲ್ಲ, “ನೋವೇ ಇಲ್ಲ ಅನ್ನೋರ ಕಾಲನ್ನ ಮೊದಲು ಬಿಚ್ಚಿ ನೋಡ್ಬೇಕು ಕಣ್ರೀ” ಎಂದು. ನಾನು ಅದನ್ನು ನಿನ್ನ ಕಸುಬಿನ ಮಾತು ಎಂದುಕೊಂಡು ಕೇಳಿಸಿಕೊಂಡೆ. ಈಗ ಬಿಚ್ಚುತ್ತಿದ್ದೇನೆ, ನೋಡು. ನಾನು ಫೋನಿನಲ್ಲಿ ಬಣ್ಣಿಸಿದ ಅಡುಗೆಗಳಲ್ಲಿ ನಿಜವಾಗಿ ಒಲೆಯ ಮೇಲೇರಿದ್ದು ಅನ್ನ ಮತ್ತು ಬೇಯಿಸಿದ ಮೊಟ್ಟೆ. ವಾರದಲ್ಲಿ ಐದು ದಿನ ಅದೇ. ಬಚ್ಚಲಿನ ಹೀಟರ್ ನಾನೇ ರಿಪೇರಿ ಮಾಡಿದೆ, ಶಾಕ್ ಹೊಡೆದು ಕುಣಿದೆ ಎಂದು ಹೇಳಿ ನಿನ್ನನ್ನು ಹತ್ತು ನಿಮಿಷ ನಗಿಸಿದೆನಲ್ಲ, ಅದು ಇನ್ನೂ ಕೆಟ್ಟೇ ಇದೆ, ಪಾತ್ರೆಯಲ್ಲಿ ನೀರು ಕಾಯಿಸುತ್ತೇವೆ. ಪಕ್ಕದ ಮನೆಯವರ ಬೆಕ್ಕು ನನ್ನ ಉತ್ತರ ಪತ್ರಿಕೆಗಳ ಮೇಲೆ ಮರಿ ಹಾಕಿದ್ದೂ ಇಲ್ಲ, ಪಕ್ಕದ ಮನೆಯವರಿಗೆ ಬೆಕ್ಕೇ ಇಲ್ಲ. ನಾನು ನಮ್ಮ ಕೋಣೆಯಲ್ಲಿ ಮಲಗುವುದನ್ನು ಬಿಟ್ಟಿದ್ದೇನೆ, ಹೊರಗಿನ ಸೋಫಾದ ಮೇಲೆ ಕಾಲು ಮಡಚಿಕೊಂಡು ಮಲಗುತ್ತೇನೆ, ಕತ್ತು ಹಿಡಿದಿರುವುದು ಅದರಿಂದ, ಶಾಲೆಯ ವಾಲಿಬಾಲಿನಿಂದ ಅಲ್ಲ. ನಾನು ವಾಲಿಬಾಲ್ ಮುಟ್ಟಿ ಹದಿನೈದು ವರ್ಷವಾಗಿರಬೇಕು. ಇವನ್ನೆಲ್ಲ ನಂಬಿದ್ದಕ್ಕೆ ನಿನ್ನನ್ನು ಬೈಯುವಂತಿಲ್ಲ, ನಾನು ಕಟ್ಟಿದ್ದೇ ಅಷ್ಟು ಚೆನ್ನಾಗಿತ್ತು.

ನಿನ್ನ ಕೆಲಸ ಸಣ್ಣದಲ್ಲ ಎಂದು ನನಗೆ ಗೊತ್ತು. ಮೆಟ್ಟಿಲು ಹತ್ತುವುದನ್ನು ಒಂಬತ್ತು ವರ್ಷದ ಮೇಲೆ ಮತ್ತೆ ಕಲಿತ ಆ ಮುದುಕ ಮೇಸ್ತ್ರಿಯ ಕಥೆ ಹೇಳುವಾಗ ನಿನ್ನ ದನಿ ಹೇಗಿತ್ತೆಂದು ನಾನು ಮರೆತಿಲ್ಲ. ಅದು ಕಟ್ಟಿದ ಕಥೆಯಲ್ಲ, ಕಟ್ಟಿದ್ದಾಗಿದ್ದರೆ ನೀನು ಮಧ್ಯದಲ್ಲಿ ಬಿಟ್ಟು ಮತ್ತೆ ಮೊದಲಿನಿಂದ ಶುರು ಮಾಡುತ್ತಿರಲಿಲ್ಲ. ನೀನು ಬಂದುಬಿಟ್ಟರೆ ಅಲ್ಲಿ ಸರದಿಯಲ್ಲಿ ಕೂತವರು ಇನ್ನೂ ಎಷ್ಟು ದಿನ ಕೂರಬೇಕೋ. ನೀನು ತಯಾರು ಮಾಡುತ್ತಿರುವ ಆ ಇಬ್ಬರು ಹೊಸಬರು ಅಚ್ಚು ತೆಗೆಯುವಷ್ಟು ಪಳಗಿದ್ದಾರೋ ಇಲ್ಲವೋ ನನಗೆ ತಿಳಿಯದು. ಇದನ್ನೆಲ್ಲ ಮಗಳ ಮುಂದೆ ಇಟ್ಟೆ. ಅಮ್ಮನಿಗೆ ಸಹಿ ಹಾಕಬೇಡ ಎಂದು ಬರೆಯೋಣವೇ ಎಂದು ಕೇಳಿದೆ. ಬ್ರೆಡ್ಡಿನ ಅಂಚನ್ನೆಲ್ಲ ಮುರಿದು ತಟ್ಟೆಯ ಸುತ್ತ ಜೋಡಿಸಿದಳು. ಆಮೇಲೆ, “ಸೈನ್ ಮಾಡ್ಬೇಡ ಅಂತ ನಾನು ಹೇಳಲ್ಲ ಅಪ್ಪ. ಗೊತ್ತಿಲ್ದೆ ಮಾಡ್ಬಾರ್ದು, ಅಷ್ಟೆ” ಅಂದಳು. ಹದಿಮೂರು ವರ್ಷದವಳ ಮಾತು. ನನಗಂತೂ ಅಷ್ಟು ನೇರವಾಗಿ ಹೇಳಲು ಬರುತ್ತಿರಲಿಲ್ಲ.

ಆದ್ದರಿಂದ ಹೀಗೆ ಮಾಡಿದ್ದೇವೆ. ನಾಳೆ ಭಾನುವಾರ ಮಧ್ಯಾಹ್ನ ನಾವಿಬ್ಬರೂ ಕೂತು ಏನನ್ನೂ ತಯಾರಿಸುವುದಿಲ್ಲ. ಆರು ಗಂಟೆಗೆ ಫೋನು ಬಂದಾಗ ಒಂದು ಕಾಗದ ಬರುತ್ತಿದೆ, ಅದು ಸೇರುವವರೆಗೆ ಸಹಿ ಹಾಕಬೇಡ ಎಂದಷ್ಟೇ ಹೇಳುತ್ತೇವೆ. ಇದು ನಿನ್ನ ಕೈ ಸೇರುವ ಹೊತ್ತಿಗೆ ಆ ಫೋನು ಮುಗಿದಿರುತ್ತದೆ, ಅಪ್ಪ ಮಗಳು ಯಾಕೆ ಅಷ್ಟೊಂದು ತಡವರಿಸುತ್ತಿದ್ದರು, ಯಾಕೆ ಮಧ್ಯೆ ಮಧ್ಯೆ ಸುಮ್ಮನಾಗುತ್ತಿದ್ದರು ಎಂದು ನಿನಗೆ ಆಗ ತಿಳಿಯುತ್ತದೆ. ಅಳು ಬಂದರೆ ಅಳೋಣ, ಮೂವರಿಗೂ ಒಟ್ಟಿಗೆ ನೆಗಡಿಯಾಯಿತು ಎಂದುಕೊಂಡರಾಯಿತು. ಸೋಮವಾರ ಹೆಡ್‌ಮೇಡಂ ಅವರನ್ನು ಕಂಡು ಮಗಳನ್ನು ಇನ್ನೊಂದು ಸೆಕ್ಷನ್ನಿಗೆ ಹಾಕುವ ವಿಷಯ ಮಾತಾಡುತ್ತೇನೆ, ಅಲ್ಲಿ ಅವಳು ಯಾರ ಮಗಳೂ ಆಗದೆ ನಾಲ್ಕು ದಿನ ಇರಲಿ. ಶುಕ್ರವಾರದ ಪೀರಿಯಡ್ಡನ್ನು ನಿಲ್ಲಿಸಿಬಿಡಬೇಕೆಂದು ರಾತ್ರಿ ನಿಶ್ಚಯಿಸಿದ್ದೆ. ಬೆಳಿಗ್ಗೆ ಮಗಳಿಗೆ ಹೇಳಿದರೆ, ಬೇಡ ಅಪ್ಪ, ಅದಿಲ್ಲದಿದ್ದರೆ ನಾನು ಹೇಗೆ ಹೇಳುತ್ತಿದ್ದೆ ಎಂದಳು. ಮುಂದುವರಿಯುತ್ತದೆ, ಆದರೆ ಇನ್ನು ನಾನು ಕಣ್ಣು ಬಿಟ್ಟುಕೊಂಡು ಕೂರುತ್ತೇನೆ. ನಗುವವರ ನಡುವೆ ಯಾರು ಪೆನ್ಸಿಲ್ಲು ಹೆರೆಯುತ್ತಿದ್ದಾರೆಂದು ನೋಡಬೇಕು.

ಸಹಿಯ ವಿಷಯದಲ್ಲಿ ನಿನ್ನ ಮನಸ್ಸಿಗೆ ಸರಿ ಕಂಡಂತೆ ಮಾಡು. ಹಾಕಿದರೂ ಸರಿ, ಬಿಟ್ಟರೂ ಸರಿ, ನಾವು ನಡೆಸಿಕೊಂಡು ಹೋಗುತ್ತೇವೆ, ಹೀಟರನ್ನು ಈ ಸಲ ನಿಜವಾಗಿಯೂ ರಿಪೇರಿ ಮಾಡಿಸುತ್ತೇನೆ. ನಿರ್ಧಾರ ಪೂರ್ತಿ ನಿನ್ನದು. ಮಗಳು ಈ ಕಾಗದವನ್ನು ಇಷ್ಟರವರೆಗೆ ಓದಿದ್ದಾಳೆ, ಎಲ್ಲ ಸರಿಯಾಗಿದೆ, ಬೆಕ್ಕಿನ ವಿಷಯ ಮಾತ್ರ ಹೇಳಬಾರದಿತ್ತು, ಅಮ್ಮನಿಗೆ ಆ ಬೆಕ್ಕು ಇಷ್ಟವಾಗಿತ್ತು ಅಂದಳು. ನೀಲಿ ಟೋಪಿಯನ್ನು ಇದರ ಜೊತೆ ವಾಪಸು ಕಳಿಸೋಣವೇ ಎಂದೆ, ಬೇಡ ಇರಲಿ ಎಂದು ಒಳಗೆ ತೆಗೆದಿಟ್ಟಳು. ಈಗ ಚಪ್ಪಲಿ ಮೆಟ್ಟಿಕೊಂಡು ಬಾಗಿಲಲ್ಲಿ ನಿಂತಿದ್ದಾಳೆ, ಅಂಚೆ ಕಚೇರಿ ನಾಲ್ಕಕ್ಕೆ ಮುಚ್ಚುತ್ತದೆ.

ಪ್ಲಾಸ್ಟರ್ ಕೆಲಸ ಮಾಡುವಾಗ ಬಾಯಿಗೆ ಬಟ್ಟೆ ಕಟ್ಟಿಕೋ. ಹೊತ್ತಿಗೆ ಸರಿಯಾಗಿ ಊಟ ಮಾಡು, ನಮ್ಮಂತೆ ಮಾಡಬೇಡ. ನಿನ್ನ ಜೊತೆ ಕೆಲಸ ಮಾಡುವ ಇಬ್ಬರಿಗೂ, ಆ ಮೇಸ್ತ್ರಿ ತಾತನಿಗೂ ನನ್ನ ನಮಸ್ಕಾರ ತಿಳಿಸು.

ಇಂತಿ, ಇಸ್ತ್ರಿ ಅಂಗಡಿಯ ಈಚೆಗೂ ಆಚೆಗೂ ನಿನ್ನವನೇ ಆದ,
ಮೇಷ್ಟ್ರು

ತಾ.ಕ.: ಅಂಚೆ ಕಚೇರಿಯಲ್ಲಿ ನಿಂತು ಬರೆಯುತ್ತಿದ್ದೇನೆ. ಮಗಳು ಅಂಚೆಚೀಟಿ ಅಂಟಿಸಲು ಗೋಂದು ಕೇಳಲು ಕೌಂಟರಿನ ಹತ್ತಿರ ಹೋಗಿದ್ದಾಳೆ, ಅವಳು ಬರುವುದರೊಳಗೆ ಹೇಳಿಬಿಡಬೇಕು. ಹಾಕಿದರೂ ಸರಿ, ಬಿಟ್ಟರೂ ಸರಿ ಎಂದು ಮೇಲೆ ಬರೆದೆನಲ್ಲ, ಈ ಕಾಗದದಲ್ಲಿರುವ ಸುಳ್ಳು ಅದೊಂದೇ. ಅವಳು ಇನ್ನೊಂದು ವರ್ಷ ತಡೆದುಕೊಂಡಾಳು, ನಿನ್ನ ಮಗಳು, ಗಟ್ಟಿಗಿತ್ತಿ. ನನಗೆ ಆಗುತ್ತಿಲ್ಲ. ಸಹಿ ಹಾಕಬೇಡ, ಬಂದುಬಿಡು.